ಇಂದಿನ ಧಮ್ಮಚಿಂತನೆ: ಹೆದರಿ ಕೊಟ್ಟದ್ದು ಕೊಟ್ಟಂತೆಯೇ?





ಪಂಚಶೀಲದ ಎರಡನೆಯ ಶೀಲವನ್ನು ನಾವು 'ಕಳ್ಳತನ ಮಾಡುವುದಿಲ್ಲ' ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಪಾಲಿಯ 'ಅದಿನ್ನಾದಾನ' ಇನ್ನೂ ಸೂಕ್ಷ್ಮವಾದ ಪದ. ಅದಿನ್ನ ಎಂದರೆ ಕೊಡದೆ ಇದ್ದದ್ದು. ಆದಾನ ಎಂದರೆ ತೆಗೆದುಕೊಳ್ಳುವುದು. ಹಾಗಾದರೆ ಲಂಚ? ಅದನ್ನು ಜನರೇ ಕೈಯಾರೆ ಕೊಡುತ್ತಾರಲ್ಲ?

ಹಲವು ವರ್ಷಗಳ ಹಿಂದೆ ನಾನು ಪ್ರಭಾರ ಮುಖ್ಯ ಶಿಕ್ಷಕನಾಗಿದ್ದೆ. ಕೂಲಿ ಮಾಡುವ ತಾಯಿಯೊಬ್ಬರು ಮಗನ ಟಿ.ಸಿ. ಕೇಳಲು ಬಂದರು. ಬರೆದುಕೊಟ್ಟೆ. ಅವರು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಮೇಜಿನ ಮೇಲಿಟ್ಟು, "ಟೀ ಕುಡೀರಿ ಸಾರ್" ಎಂದರು. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. 'ಅವರೇ ಕೊಟ್ಟರು' ಎಂದುಕೊಂಡು ನೋಟನ್ನು ಜೇಬಿಗಿಳಿಸಿದೆ.

ಆ ರಾತ್ರಿ ನನ್ನ ಅವ್ವ ನೆನಪಾದಳು. ನನ್ನ ಜಾತಿ ಪ್ರಮಾಣಪತ್ರಕ್ಕಾಗಿ ಮೂರು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆದವಳು, ನಾಲ್ಕನೆಯ ದಿನ ಹೀಗೆಯೇ ಸೆರಗಿನ ಗಂಟು ಬಿಚ್ಚಿದ್ದಳು. ಅದನ್ನು ಅವಳು ಮನಸಾರೆ ಕೊಟ್ಟಿದ್ದಳೇ?

ಮರುದಿನ ಆ ತಾಯಿಯ ಮನೆ ಹುಡುಕಿಕೊಂಡು ಹೋಗಿ ನೋಟು ಹಿಂದಿರುಗಿಸಲು ಕೈ ಚಾಚಿದೆ. ಅವರ ಮುಖ ಬಾಡಿತು. "ಕಮ್ಮಿ ಆಯ್ತಾ ಸಾರ್?" ಎಂದರು.

ನನ್ನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಹೆದರಿ ಕೊಟ್ಟದ್ದು ಅದಿನ್ನವೇ. ನಾನು ಹೆದರಿಸಿರಲಿಲ್ಲ, ನಿಜ. ನಾನು ಕೂತಿದ್ದ ಕುರ್ಚಿ ಹೆದರಿಸಿತ್ತು. ಅದರ ಲಾಭ ನಾನು ಪಡೆದಿದ್ದೆ.

ಕಾನೂನೂ ಈ ಭಯವನ್ನು ಗುರುತಿಸಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ದೂರು ನೀಡಿದರೆ ಆ ಅಪರಾಧ ಅವರಿಗೆ ಅನ್ವಯಿಸುವುದಿಲ್ಲ. ನಮ್ಮ ಕೇರಿಗಳಲ್ಲಿ ಇದನ್ನು ತಿಳಿಸಿ ಹೇಳಬೇಕು.

ಇನ್ನೊಂದು ಕಹಿ ಮಾತು. ನಮ್ಮ ಅಧಿಕಾರಿಯೊಬ್ಬ ಸಿಕ್ಕಿಬಿದ್ದಾಗ, "ಎಲ್ಲರೂ ತಿಂತಾರೆ, ನಮ್ಮವನು ತಿಂದರೆ ಮಾತ್ರ ಸುದ್ದಿ" ಎನ್ನುತ್ತೇವೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅವನ ಮೇಜಿನ ಮುಂದೆ ನಿಂತವರಲ್ಲಿ ನಮ್ಮ ಅವ್ವಂದಿರೂ ಇರುತ್ತಾರೆ. ಅವನ ಪರ ನಿಂತಾಗ ನಾವು ಯಾರ ವಿರುದ್ಧ ನಿಂತಂತೆ?

ಬಾಬಾಸಾಹೇಬರು 1951ರಲ್ಲಿ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ಕೊಡಬೇಕಿದ್ದ ಹಿಂದೂ ಸಂಹಿತೆ ಮಸೂದೆಯನ್ನು ಸರ್ಕಾರ ಕೈಬಿಟ್ಟದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಜನರ ಕೆಲಸ ಆಗದ ಕುರ್ಚಿ ಅವರಿಗೆ ಬೇಡವಾಯಿತು. ಅವರ ಹೋರಾಟದಿಂದ ಸಿಕ್ಕ ಕುರ್ಚಿಯಲ್ಲಿ ಕೂತ ನಾವು, ಶಿಕ್ಷಕರಿಂದ ಹಿಡಿದು ಮಂತ್ರಿಯವರೆಗೆ, ಇದನ್ನು ಮರೆಯಬಾರದು.

ಇಂದು ಶೀಲ ಪಠಿಸುವಾಗ ಎರಡನೆಯದರ ಬಳಿ ಒಂದು ಕ್ಷಣ ನಿಲ್ಲೋಣ. ನನ್ನ ಮುಂದೆ ನಿಂತವರು ನನಗೆ ಹೆದರುತ್ತಿದ್ದಾರೆಯೇ ಎಂದು ಕೇಳಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.