ಕೇಡು ಬಾರದಿದ್ದರೆ ತಪ್ಪಿಲ್ಲವೋ?

ಒಬ್ಬನು ಅಜಾಗ್ರತೆಯಿಂದ ಒಂದು ಕಾರ್ಯವನ್ನು ಮಾಡಿ, ಅದರಿಂದ ಯಾವ ಕೇಡೂ ಸಂಭವಿಸದೆ ಹೋದರೆ, ಅವನು ನಿರ್ದೋಷಿಯೋ? "ಏನೂ ಆಗಲಿಲ್ಲವಲ್ಲಾ" ಎಂಬ ಮಾತನ್ನು ನಾವು ಮನೆಯಲ್ಲಿಯೂ ಬೀದಿಯಲ್ಲಿಯೂ ದಿನಾಲು ಕೇಳುತ್ತೇವೆ. ಈ ಮಾತು ನ್ಯಾಯವಾದದ್ದೋ ಎಂಬದನ್ನು, ನೇಗಿಲು ಹಿಡಿದವರಾದ ನಾವು ಹಾಯಿ ಹಿಡಿದವರಿಂದ ಕಲಿಯಬಹುದು.

ಯುರೋಪ ಖಂಡದಲ್ಲಿ ಏಡ್ರಿಯಾಟಿಕ್ ಸಮುದ್ರದ ಮೂಡಣ ದಡದಲ್ಲಿ ಕ್ರೊವೇಷಿಯಾ ಎಂಬ ದೇಶವಿದೆ. ಅದರ ಕರಾವಳಿಯ ಮುಂದೆ ಸಣ್ಣವೂ ದೊಡ್ಡವೂ ಕೂಡಿ 1,200ಕ್ಕಿಂತ ಹೆಚ್ಚು ದ್ವೀಪಗಳೂ ಬಂಡೆಗಳೂ ಚದರಿಕೊಂಡಿವೆ. ನೋಡುವವನಿಗೆ ಪ್ರತಿಯೊಂದು ದ್ವೀಪದ ಮರೆಯೂ ಹಡಗಿಗೆ ಆಶ್ರಯವೆಂದು ಕಾಣುವದು. ಆದರೆ ಸಂಗತಿಯು ಹಾಗಲ್ಲ. ಅಲ್ಲಿಯ ಮುಖ್ಯವಾದ ಗಾಳಿಗಳು ಮೂರು. ಬೇಸಿಗೆಯ ಹಗಲಿನಲ್ಲಿ ವಾಯವ್ಯದಿಂದ ಬೀಸುವ ಮಾಯೆಸ್ತ್ರಾಲ್ ಎಂಬದು ಹಾಯಿಗಳಿಗೆ ಹಿತವಾದದ್ದು, ಸಂಜೆಗೆ ಅಡಗುವದು. ಆಗ್ನೇಯದಿಂದ ಬರುವ ಯೂಗೊ ಎಂಬದು ಬೆಚ್ಚಗೂ ತೇವವಾಗಿಯೂ ಇದ್ದು, ಮೆಲ್ಲಮೆಲ್ಲಗೆ ಬಲಗೊಂಡು, ದಿನಗಟ್ಟಲೆ ಬೀಸಿ, ದೊಡ್ಡ ತೆರೆಗಳನ್ನು ಎಬ್ಬಿಸುವದು. ಬೂರಾ ಎಂಬದೋ, 1,757 ಮೀಟರ್ ಎತ್ತರಕ್ಕೆ ಏರುವ ವೆಲೆಬಿತ್ ಪರ್ವತಶ್ರೇಣಿಯ ಮೇಲಿಂದ, ಈಶಾನ್ಯ ದಿಕ್ಕಿನಿಂದ ಸಮುದ್ರಕ್ಕೆ ಧುಮುಕುವ ಒಣ ಚಳಿಗಾಳಿ. ಅದು ಚಳಿಗಾಲದಲ್ಲಿ ಅತಿ ಬಲವುಳ್ಳದ್ದು. ಆಕಾಶವು ಶುಭ್ರವಾಗಿರುವಾಗಲೂ ಫಕ್ಕನೆ ಮೇಲೆ ಬೀಳುವದುಂಟು. ಬೆಟ್ಟದ ನೆತ್ತಿಯಲ್ಲಿ ಟೊಪ್ಪಿಗೆಯಂತೆ ಮೋಡವು ಕೂತರೆ ಅನುಭವಸ್ಥರು ಎಚ್ಚರಗೊಳ್ಳುವರು. ಆ ಪರ್ವತಕ್ಕೆ ಎದುರಾಗಿರುವ ಪಾಗ್ ದ್ವೀಪದ ಪಾರ್ಶ್ವವು ಈ ಗಾಳಿಯಿಂದಲೂ ಅದು ಹೊತ್ತು ತರುವ ಉಪ್ಪುನೀರಿನಿಂದಲೂ ಬೋಳುಬಂಡೆಯಾಗಿದೆ.

ಆದದರಿಂದ ಲಂಗರು ಹಾಕುವ ಸ್ಥಳವನ್ನು ಆರಿಸುವವನು ಈಗಿನ ಗಾಳಿಯನ್ನು ಮಾತ್ರ ನೋಡಿದರೆ ಸಾಲದು. ರಾತ್ರಿಯಲ್ಲಿ ಗಾಳಿಯು ತಿರುಗಿದರೆ ಏನಾಗುವದೆಂದು ಕೇಳಿಕೊಳ್ಳಬೇಕು. ಆಗ್ನೇಯಕ್ಕೆ ಬಾಯ್ದೆರೆದ ಕೊಲ್ಲಿಯು ಬೂರಾದ ತೆರೆಗಳಿಗೆ ಮರೆಯಾಗಿದ್ದರೂ ಯೂಗೊವಿಗೆ ಬಾಗಲಾಗಿರುವದು. ನೀರಿನ ಕೆಳಗಣ ನೆಲವನ್ನೂ ಪರೀಕ್ಷಿಸಬೇಕು. ಮರಳೂ ಕೆಸರೂ ಲಂಗರನ್ನು ಹಿಡಿಯುವವು. ನುಣುಪಾದ ಬಂಡೆಯೂ ಒತ್ತಾದ ಕಡಲಹುಲ್ಲೂ ಹಿಡಿಯಲಾರವು. 5 ಮಾರು ಆಳವಿದ್ದಲ್ಲಿ 25 ಮಾರು ಸರಪಣಿಯನ್ನಾದರೂ ಬಿಡಬೇಕು. ಬಿರುಗಾಳಿಗೆ ಇನ್ನೂ ಹೆಚ್ಚು. ಹಾಗೆ ಬಿಟ್ಟ ಮೇಲೆ ಹಡಗು ಸುತ್ತ ತಿರುಗಿದರೆ ಬಂಡೆಗೂ ನೆರೆಯ ಹಡಗಿಗೂ ತಗಲದಷ್ಟು ಸ್ಥಳವಿರಬೇಕು.

ಈಗ ಇಬ್ಬರು ಹಡಗಿನ ಯಜಮಾನರನ್ನು ಭಾವಿಸೋಣ. ಇಬ್ಬರೂ ದಣಿದವರು. ಒಂದೇ ಸಂಜೆ, ಬೆಟ್ಟದ ಮೇಲಣ ಮೋಡವನ್ನು ಕಂಡೂ, ಬೇರೆ ಬೇರೆ ಕೊಲ್ಲಿಗಳಲ್ಲಿ ಹುಲ್ಲಿನ ನೆಲದ ಮೇಲೆ ಗಿಡ್ಡ ಸರಪಣಿಯಿಂದ ಲಂಗರು ಹಾಕಿ ಮಲಗಿದರು. ಒಬ್ಬನ ಕೊಲ್ಲಿಗೆ ಬೂರಾ ಇಳಿದು, ಹಡಗನ್ನು ಎದುರಿನ ದ್ವೀಪದ ಬಂಡೆಗೆ ಬಡಿಯಿತು. ಕೆಲಸದ ಹುಡುಗನೊಬ್ಬನು ಮುಳುಗಿಹೋದನು. ಮತ್ತೊಬ್ಬನ ಕೊಲ್ಲಿಯಲ್ಲಿ ಎಲೆಯೂ ಅಲ್ಲಾಡಲಿಲ್ಲ. ಲೋಕವು ಮೊದಲನೆಯವನನ್ನು ಪ್ರಾಣಘಾತಕನೆಂದೂ ಎರಡನೆಯವನನ್ನು ಜಾಣನೆಂದೂ ಕರೆಯುವದು. ಆದರೆ ಮಲಗುವ ಹೊತ್ತಿನಲ್ಲಿ ಅವರ ಹೃದಯಗಳಲ್ಲಿ ಯಾವ ಭೇದವಿತ್ತು? ಭೇದವು ಗಾಳಿಯದು, ಮನುಷ್ಯರದಲ್ಲ.

ಹಾಗಾದರೆ ಫಲವು ಏನೂ ಅಲ್ಲವೋ? ಹಾಗೆನ್ನಲಾರೆವು. ಮೊದಲನೆಯವನು ಆ ಹುಡುಗನ ತಾಯಿಯ ಮುಂದೆ ನಿಲ್ಲಬೇಕು. ಅವಳಿಗೆ ಅವನು ಸಾಯುವ ತನಕ ಸಾಲಗಾರನು. ಎರಡನೆಯವನ ಮೇಲೆ ಆ ಸಾಲವಿಲ್ಲ. ಸಾಲದಲ್ಲಿ ಹೆಚ್ಚುಕಡಿಮೆ ಉಂಟು. ದೋಷದಲ್ಲಿಯೋ ಇಬ್ಬರೂ ಸಮಾನರು. ಇದಕ್ಕೆ ಪ್ರತಿಯಾಗಿ, ಎಲ್ಲವನ್ನೂ ಪರೀಕ್ಷಿಸಿ ಲಂಗರು ಹಾಕಿದವನ ಸರಪಣಿಯು ಹರಿದುಹೋದರೆ, ಅವನಿಗೆ ದುಃಖವುಂಟು, ದೋಷವಿಲ್ಲ. ಆದಕಾರಣ ಭಯದಿಂದ ಹಡಗು ನಡಿಸುವದನ್ನೇ ಬಿಡಬೇಕೆಂದು ನಾವು ಹೇಳುವದಿಲ್ಲ.

ಪೌಲನು ಕೈದಿಯಾಗಿ ಹೋದ ಹಡಗಿನ ಸಂಗತಿಯು ನಮಗೆಲ್ಲರಿಗೂ ತಿಳಿದದ್ದೇ. ಕ್ರೇತದ ಚಂದರೇವುಗಳಲ್ಲಿ ಅವನು ಎಚ್ಚರಿಸಿದರೂ, ಹೆಚ್ಚು ಮಂದಿ ಹೊರಡುವದೇ ಒಳ್ಳೇದೆಂದರು. ತೆಂಕಣ ಗಾಳಿಯು ಮೆಲ್ಲಗೆ ಬೀಸಲು ತಮ್ಮ ಆಲೋಚನೆಯು ಸಫಲವಾಯಿತೆಂದುಕೊಂಡರು. ಸ್ವಲ್ಪ ಹೊತ್ತಿನಲ್ಲೇ ಈಶಾನ್ಯದ ಬಿರುಗಾಳಿಯು ದ್ವೀಪದ ಮೇಲಿಂದ ಅಪ್ಪಳಿಸಿತು. ಕಡೆಗೆ ಹಡಗು ಒಡೆದರೂ 276 ಮಂದಿಯೂ ದಡ ಸೇರಿದರು. ಎಲ್ಲರೂ ಉಳಿದದರಿಂದ ಆ ಆಲೋಚನೆಯು ಸರಿಯಾದದ್ದೆಂದು ಯಾರು ಹೇಳುವರು? ಉಳಿದದ್ದು ಕೃಪೆಯಿಂದ, ಆರಿಸಿದ್ದು ತಪ್ಪೇ.

ನಮ್ಮ ಹಳ್ಳಿಗಳಲ್ಲಿ ಕಟ್ಟೆಯಿಲ್ಲದ ಬಾವಿಗಳಿವೆ. ತುಂಬಿದ ಹಳ್ಳದಲ್ಲಿ ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಗಾಡಿಯನ್ನು ಇಳಿಸುವವರಿದ್ದಾರೆ. ದಾಟಿದ ಮೇಲೆ ಎತ್ತುಗಳ ಬೆನ್ನು ತಟ್ಟಿ ನಗುತ್ತಾರೆ. ಇಂದಿನ ವರೆಗೆ ಯಾವ ಮಗುವೂ ಬಾವಿಗೆ ಬೀಳಲಿಲ್ಲವೆಂಬದು ನಮ್ಮ ಜಾಗ್ರತೆಯ ಫಲವೋ? ನಮ್ಮನ್ನು ನಂಬಿದವರು ನಮ್ಮ ಹಡಗಿನೊಳಗೆ ನಿದ್ರೆಮಾಡುತ್ತಾರೆ. ಲಂಗರು ಎಲ್ಲಿ ಬಿದ್ದಿದೆ ಎಂದು ಅವರಿಗೆ ತಿಳಿಯದು, ನಮಗೆ ತಿಳಿದದೆ. ಆದದರಿಂದ ಸಹೋದರರೇ, ಕೇಡು ತಪ್ಪಿದ ದಿನವೇ ನಾವು ನಮ್ಮನ್ನು ಪರೀಕ್ಷಿಸಿಕೊಂಡು, ಹೊತ್ತು ಮುಣುಗುವದರೊಳಗೆ ಬಾವಿಗೆ ಕಟ್ಟೆಯನ್ನು ಕಟ್ಟೋಣ.