ಪಂಕ್ತಿಭೇದವೋ, ಸತ್ಯನಿಷ್ಠೆಯೋ?

ಒಬ್ಬನೇ ದೇವರನ್ನು ನಂಬಿದವರು ಒಂದೇ ಪ್ರಸಾದವನ್ನು ಕೂಡಿ ಸ್ವೀಕರಿಸಲೊಲ್ಲೆವೆಂದರೆ, ನಮ್ಮ ಸೀಮೆಯ ಜನರು ಅದನ್ನು ಪಂಕ್ತಿಭೇದವೆಂದು ಹಳಿಯುವದು ಸಹಜವು. ಕ್ರೈಸ್ತರಲ್ಲಿ ಕ್ಯಾಥೊಲಿಕರಿಗೂ ಲೂಥರನ ಅನುಯಾಯಿಗಳಿಗೂ ಇರುವ ಅಂತರವು ಇಂಥದೇ ಏನು?

ಯೇಸುವು ಕಡೆಯ ರಾತ್ರಿ ಶಿಷ್ಯರಿಗೆ ಕೊಟ್ಟ ರೊಟ್ಟಿ ಹಾಗೂ ದ್ರಾಕ್ಷಾರಸಗಳ ಸ್ಮರಣೆಯನ್ನು ಕನ್ನಡ ಕ್ಯಾಥೊಲಿಕರು ಪರಮಪ್ರಸಾದವೆನ್ನುವರು. ಪ್ರಾಟೆಸ್ಟಂಟರು ಕರ್ತನ ರಾತ್ರಿಭೋಜನವೆನ್ನುವರು. ಕ್ರಿಸ್ತನು ಅದರಲ್ಲಿ ನಿಜವಾಗಿಯೇ ಇರುವನೆಂದು ಕ್ಯಾಥೊಲಿಕರಂತೆ ಲೂಥರನೂ ನಂಬಿದನು. ರೊಟ್ಟಿಯ ಮೂಲಸತ್ತ್ವವೇ ಮಾರ್ಪಡುವದೆಂದು 1551ರಲ್ಲಿ ಟ್ರೆಂಟಿನ ಧರ್ಮಸಭೆಯು ಸಾರಿತು. ರೊಟ್ಟಿಯು ರೊಟ್ಟಿಯಾಗಿಯೇ ಉಳಿದು ಅದರೊಡನೆ ಕ್ರಿಸ್ತನ ದೇಹವಿರುವದೆಂಬದು ಲೂಥರನ ಮತವು. ಆದರೆ ತೊಡಕು ರೊಟ್ಟಿಗಿಂತ ಅದನ್ನು ಹರಸುವ ಕೈಯಲ್ಲಿ ಹೆಚ್ಚಾಗಿದೆ. ಅಪೊಸ್ತಲರಿಂದ ಬಂದ ಬಿಷಪರ ಪರಂಪರೆಯ ದೀಕ್ಷೆಯಿಲ್ಲದಲ್ಲಿ ಈ ಸಂಸ್ಕಾರವು ಪೂರ್ಣವಾಗದೆಂಬದು ಕ್ಯಾಥೊಲಿಕ ನಿಲುವು. 1964ರ ವ್ಯಾಟಿಕನ್ ನಿರ್ಣಯವೂ ಇದನ್ನೇ ಎತ್ತಿಹಿಡಿಯಿತು.

ಬಿಗಿಯು ಒಂದೇ ಪಕ್ಷದ್ದಲ್ಲ. 1529ರಲ್ಲಿ ಮಾರ್ಬುರ್ಗದಲ್ಲಿ ಲೂಥರನು ಸ್ವಿಸ್ ಸುಧಾರಕ ಜ್ವಿಂಗ್ಲಿಯೊಡನೆ ಬಹುತೇಕ ಎಲ್ಲವನ್ನೂ ಒಪ್ಪಿ, ಈ ಭೋಜನದ ಅರ್ಥವೊಂದಕ್ಕಾಗಿ ಅಗಲಿದನು. ಆದರೂ ಆ ಇಬ್ಬರ ಸಂಪ್ರದಾಯದವರೂ ಕೂಡಿ ನಡೆಸಿದ ಬಾಸೆಲ್ ಮಿಶನ್ನು 1834ರಲ್ಲಿ ಮಂಗಳೂರಿಗೂ 1837ರಲ್ಲಿ ನಮ್ಮ ಧಾರವಾಡಕ್ಕೂ ಬಂದಿತು. ಯುರೋಪಿನ ಆ ಎರಡು ಪಂಥಗಳು 1973ರ ಲಾಯೆನ್‌ಬೆರ್ಗ್ ಒಪ್ಪಂದದಿಂದ ಬಹಿರಂಗವಾಗಿ ಸಹಭೋಜಿಗಳಾದವು. ಕ್ಯಾಥೊಲಿಕರೊಡನೆ ಮಾತ್ರ, ಪಾಪಿಯು ನೀತಿವಂತನೆನಿಸುವ ಬಗೆಯ ಮೂಲವಾದದಲ್ಲಿ 1999ರಲ್ಲಿ ಆಗ್ಸ್‌ಬುರ್ಗದಲ್ಲಿ ಒಮ್ಮತವಾದರೂ, ಪ್ರಸಾದದ ಪೀಠವು ಒಂದಾಗಲಿಲ್ಲ.

ಮರ್ಮವಿರುವದು ಇಲ್ಲಿ: ಈ ಭೋಜನವು ಐಕ್ಯದ ಸಾಧನವೋ, ಆದ ಐಕ್ಯದ ಮುದ್ರೆಯೋ? ಕರೆಯುವವನು ಕ್ರಿಸ್ತನೇ ಆಗಿರಲು ತಡೆಯುವ ನಾವಾರೆಂದು ಇಂದು ಅನೇಕ ಲೂಥರೀಯರು ಕೇಳುವರು. ಮನಸ್ಸು ಒಂದಾಗದೆ ಮುದ್ರೆಯೊತ್ತಿದರೆ ಅದು ಸುಳ್ಳಾಗುವದೆಂದು ಕ್ಯಾಥೊಲಿಕರು ಉತ್ತರಿಸುವರು.

ನಮ್ಮ ಜಾತಿಯ ಪಂಕ್ತಿಭೇದವು ಪಕ್ಕದವನ ಹುಟ್ಟನ್ನೇ ಕೀಳೆನ್ನುವದು. ಇಲ್ಲಿಯ ತಡೆಯು ಹುಟ್ಟಿನದಲ್ಲ, ನಂಬಿಗೆಯದು. ಆದ್ದರಿಂದ ಅದನ್ನು ಹಗೆಯೆನ್ನಲಾಗದು. ಆದರೂ ಗಂಡ ಒಂದು ಸಭೆಯವನು, ಹೆಂಡತಿ ಇನ್ನೊಂದರವಳಾದ ಮನೆಯಲ್ಲಿ, ದಿನವೂ ಒಂದೇ ಒಲೆಯ ಅನ್ನವನ್ನುಂಡವರು ಆದಿತ್ಯವಾರ ಅಗಲಬೇಕಾದ ನೋವು ಸಣ್ಣದಲ್ಲ. ಮರಣಾಪತ್ತಿನಲ್ಲಿ ತನ್ನ ಬೋಧಕನು ದೊರೆಯದೆ ತಾನಾಗಿ ಬೇಡಿದ ಅನ್ಯಸಭೆಯವನಿಗೆ, ಈ ಸಂಸ್ಕಾರದಲ್ಲಿ ಕ್ಯಾಥೊಲಿಕ ನಂಬಿಗೆಯೂ ತಕ್ಕ ಸಿದ್ಧತೆಯೂ ಇದ್ದರೆ, ಪ್ರಸಾದವನ್ನು ಕೊಡಬಹುದೆಂದು 1983ರ ಕ್ಯಾಥೊಲಿಕ ಸಭಾನಿಯಮವೇ ಹೇಳುವದು. ಸಾವಿನ ಮುಂದೆ ಸಡಿಲುವ ಈ ಗಂಟು, ಕಟ್ಟಿದವರಿಗೂ ಅದು ನೋಯುವದೆಂಬುದಕ್ಕೆ ಸಾಕ್ಷಿಯು. ಸತ್ಯಕ್ಕಾಗಿ ದೂರವಿರುವವನು ಆ ದೂರಕ್ಕಾಗಿ ಮರುಗಲೂ ಬೇಕು. ಮರುಕವಿಲ್ಲದ ನಿಷ್ಠೆಯು ಬರಿಯ ಹಟವು. ಆಗ ಅದಕ್ಕೂ ಪಂಕ್ತಿಭೇದಕ್ಕೂ ಅಂತರವುಳಿಯದು.