ಸಿಟ್ಟಿನ ಲೆಕ್ಕ

‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆಯನ್ನು ಎಂಟನೇ ತರಗತಿಗೆ ವಿವರಿಸುವಾಗಲೆಲ್ಲ ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಗಾದೆಯಲ್ಲಿ ಕೊತ್ತಿಯ ಪಾಡೇನು ಎಂದು ಯೋಚಿಸಿದ್ದು ಮಾತ್ರ ಬಹಳ ತಡವಾಗಿ, 2016ರಲ್ಲಿ.

ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯಲ್ಲಿ. ಬೆಳಗ್ಗೆ ತುಂಗೆಯ ಊರಲ್ಲಿ ಬಸ್ಸು ಹತ್ತಿ ಭದ್ರೆಯ ಊರಲ್ಲಿ ಇಳಿಯುವುದು, ಸಂಜೆ ಮರಳುವುದು. ಆ ವರ್ಷ ಅತ್ತೆಯವರು ಹಾಸಿಗೆ ಹಿಡಿದಿದ್ದರು. ಐದಕ್ಕೆ ಎದ್ದು ಅವರ ಮೈ ಒರೆಸಿ, ಗಂಜಿ ಕುಡಿಸಿ, ಮೂರು ಡಬ್ಬಿ ತುಂಬಿಸಿ ಓಡುತ್ತಿದ್ದೆ. ಶಾಲೆಯಲ್ಲಿ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಪಟ್ಟಿ. ಫೆಬ್ರವರಿಯಲ್ಲಿ ಜಿಲ್ಲಾ ಪಂಚಾಯಿತಿ ಚುನಾವಣೆಯ ಕೆಲಸ ಬೇರೆ.

ಭದ್ರಾವತಿ ಕಾರ್ಖಾನೆಗಳನ್ನು ನಂಬಿ ಬೆಳೆದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 2015ರಲ್ಲಿ ಕಾಗದದ ಯಂತ್ರಗಳು ನಿಂತವು. ಮನೆಯ ಯಜಮಾನನ ಸಂಬಳ ನಿಂತರೆ ಮೊದಲು ಗೊತ್ತಾಗುವುದು ದಿನಸಿ ಅಂಗಡಿಗೆ, ಆಮೇಲೆ ಶಾಲೆಗೆ. ಹಳೆಯ ನೋಟುಪುಸ್ತಕದ ಉಳಿದ ಹಾಳೆ ಹೊಲಿದು ತರುವವರು, ಮೊದಲ ಪೀರಿಯಡ್ಡಿನಲ್ಲೇ ನಿದ್ದೆ ತೂಗುವವರು ಹೆಚ್ಚಾದರು. ನಮ್ಮ ಶಾಲೆಯಲ್ಲಿ ಆಪ್ತ ಸಮಾಲೋಚಕರಿರಲಿಲ್ಲ. ಮಕ್ಕಳು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವವಳು ಕ್ಲಾಸ್ ಟೀಚರೇ.

ಹಾಗೆ ನನ್ನ ಮೇಜಿನ ಬಳಿ ಬಂದು ಮನೆಯ ಕಥೆ ಹೇಳುತ್ತಿದ್ದ ಹುಡುಗನೊಬ್ಬನಿದ್ದ. ಗುತ್ತಿಗೆ ಕೆಲಸದಲ್ಲಿದ್ದ ಅವನ ಅಪ್ಪನಿಗೆ ಕೆಲಸವಿಲ್ಲವಾಗಿತ್ತು. ಕುಡಿದು ಬಂದ ದಿನ ಹೊಡೆಯುತ್ತಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅವನು ಮೂರನೇ ದಿನವೂ ಹೋಂವರ್ಕ್ ಇಲ್ಲದೆ ನಿಂತಾಗ, ಇಡೀ ತರಗತಿಯ ಮುಂದೆ ನನ್ನ ಬಾಯಿಂದ ಮಾತು ಜಾರಿತು: “ಅಪ್ಪನಿಗಂತೂ ಕೆಲಸ ಇಲ್ಲ. ನಿನಗೂ ಇಲ್ವೇನೋ?”

ಅವನು ಅಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿ ಕುಳಿತ. ಮರುದಿನ ಹೋಂವರ್ಕ್ ಪೂರ್ತಿಯಾಗಿತ್ತು. ನನ್ನ ಮೇಜಿನ ಬಳಿ ಮಾತ್ರ ಅವನು ಬರಲಿಲ್ಲ.

ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು: “ಬಿಡೇ ಮಾರಾಯ್ತಿ, ನಾವೂ ಮನುಷ್ಯರೇ. ಎಷ್ಟು ಅಂತ ಸಹಿಸೋದು?” ಮಾತು ನಿಜ. ಆದರೆ ಸಂಜೆ ಬಸ್ಸಿನಲ್ಲಿ ಇನ್ನೊಂದು ಯೋಚನೆ ಬಂತು. ಆ ಹುಡುಗನ ಅಪ್ಪನೂ ಇದೇ ಮಾತು ಹೇಳಬಹುದಲ್ಲ? ಅವನಿಗೂ ಕಷ್ಟವಿದೆ, ಅವನೂ ಮನುಷ್ಯನೇ. ನನ್ನ ದಣಿವು ನನ್ನ ಮಾತಿಗೆ ಮಾಫಿಯಾದರೆ, ಅವನ ಕಷ್ಟ ಅವನ ಹೊಡೆತಕ್ಕೂ ಮಾಫಿಯೇ. ಹಾಗೆ ದೊಡ್ಡವರೆಲ್ಲ ಮಾಫಿ ಪಡೆದು ಹೋದ ಮೇಲೆ ಉಳಿಯುವವನು ಹುಡುಗನೊಬ್ಬನೇ. ಸಿಟ್ಟು ಯಾಕೆ ಬಂತು ಎಂಬುದಕ್ಕೆ ಕಾರಣ ಕೊಡಬಹುದು. ಅದನ್ನು ಅವನ ಮೇಲೆ ಸುರಿದದ್ದು ಸರಿ ಎನ್ನಲು ಆ ಕಾರಣ ಸಾಲದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ನಾವು ಕೋಲು ಬಿಟ್ಟೆವು, ನಾಲಿಗೆಯನ್ನು ಬಿಗಿಹಿಡಿಯುವುದು ಮರೆತೆವು. ಅದೇ ಕಾಯ್ದೆಯ 27ನೇ ಕಲಂ ಜನಗಣತಿಗೆ, ವಿಪತ್ತು ಪರಿಹಾರಕ್ಕೆ, ಚುನಾವಣೆಗೆ ಶಿಕ್ಷಕರನ್ನು ಕಳಿಸಬಹುದು ಎನ್ನುತ್ತದೆ. ಹೊರೆ ಹೊರಿಸುವವರಿಗೆ ಹೊರುವವಳ ಶಕ್ತಿ ಎಷ್ಟೆಂಬ ಲೆಕ್ಕ ಬೇಡವೇ? ತುಂಗೆಯ ನೀರನ್ನೂ ಗಾಜನೂರಿನಲ್ಲಿ ಅಳೆದೇ ಬಿಡುತ್ತಾರೆ. ಹೆಂಗಸಿನ, ಅದರಲ್ಲೂ ಟೀಚರಿನ ಸಹನೆಯನ್ನು ಮಾತ್ರ ಯಾರೂ ಅಳೆಯುವುದಿಲ್ಲ. ‘ಸಹನಾಮೂರ್ತಿ’ ಎಂದು ಹೊಗಳಿ ಇನ್ನೊಂದು ಪಟ್ಟಿ ಕೈಗಿಡುತ್ತಾರೆ. ಹೊಗಳಿಕೆಗೆ ಉಬ್ಬಿ ನಾವೂ ‘ಆಗಲ್ಲ’ ಎನ್ನುವುದಿಲ್ಲ. ಹಾಗೆ ಸಹಿಸಿದ್ದರ ಬಾಕಿ ತೀರಿಸುವುದು ಕೊನೆಗೆ ಎದುರು ಹೇಳಲಾರದ ಒಂದು ಮಗು.

ಅಂದಿನಿಂದ ದಣಿವು ಹೇಳಿಕೊಳ್ಳುವುದು ಸೋಮಾರಿತನ ಎಂಬ ಭಾವನೆ ಬಿಟ್ಟೆ. ಬೆಳಗಿನ ಗಂಜಿಯ ಕೆಲಸ ಯಜಮಾನರ ಪಾಲಿಗೆ ಬಂತು. ಅತ್ತೆಯವರಿಗೆ ಮೊದಮೊದಲು ಸಂಕೋಚ, ಆಮೇಲೆ ಮಗನ ಕೈಗುಣವೇ ರುಚಿಯಾಯಿತು! ಸಹೋದ್ಯೋಗಿಯೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು. ಮನಸ್ಸು ಸರಿಯಿಲ್ಲದ ದಿನ ಗಂಟೆ ಹೊಡೆಯುವ ಮೊದಲೇ ಹೇಳಿಬಿಡುವುದು, ಅಂದು ಹೋಂವರ್ಕ್ ನೋಡುವುದು ಇನ್ನೊಬ್ಬಳು.

ಹುಡುಗನ ಕ್ಷಮೆಯನ್ನು ತರಗತಿಯ ಮುಂದೆಯೇ ಕೇಳಿದೆ. ಅವಮಾನ ಆದದ್ದು ಅಲ್ಲೇ ತಾನೇ? “ಪರವಾಗಿಲ್ಲ ಮಿಸ್” ಎಂದ. ಮಕ್ಕಳು ಎಷ್ಟು ಬೇಗ ಹಾಗೆನ್ನುತ್ತಾರೆ! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ವರ್ಷ ಮುಗಿಯುವವರೆಗೂ ಅವನು ತನ್ನ ಮನೆಯ ಸುದ್ದಿ ನನಗೆ ಹೇಳಲಿಲ್ಲ.

ನಾನು ನಿವೃತ್ತಳಾದೆ. ತಂಗಿಯ ಮಗಳು ಈಗ ಟೀಚರ್. 14416 ಎಂಬ ಟೆಲಿ-ಮಾನಸ್ ಸಹಾಯವಾಣಿ 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು ಎಂದು ಅವಳಿಗೆ ಬರೆದುಕೊಟ್ಟಿದ್ದೇನೆ. ಆದರೂ ಅವಳು ಮೊದಲು ಫೋನು ಮಾಡುವುದು ನನಗೇ. “ದೊಡ್ಡಮ್ಮ, ಇವತ್ತು ಒಬ್ಬಳಿಗೆ ತುಂಬಾ ಬೈದುಬಿಟ್ಟೆ” ಎನ್ನುತ್ತಾಳೆ. ನಾನು ಕೇಳುವುದು ಎರಡೇ: “ಆ ಮಗುವಿನ ಹತ್ತಿರ ಮಾತಾಡಿದೆಯಾ? ನೀನು ಊಟ ಮಾಡಿದೆಯಾ?” ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ಸರಿಹೋಗುವುದಿಲ್ಲ.